ಸಾತಲಿಂಗಪ್ಪ ಗುಪ್ತ ವಹಿ ತೆರೆಸಿದ್ದು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನಿಂಬೆಗಾತ್ರದ ಒಂದು ಹುಣಸೆಹಣ್ಣು. ಗುರುವಾರ ಮುಂಜಾನೆ ಸುಮಿತ್ರಾಬಾಯಿ ಪಕ್ಕದ ಮನೆಯ ಗಂಗುಬಾಯಿಯ ಹತ್ತಿರ ಅದನ್ನು ಇಸಿದುಕೊಂಡಳು. ಇಸಿದುಕೊಂಡವಳು ಸಾರಿಗೆ ಹಾಕಬೇಕೋ ಬೇಡವೋ? ಅಲ್ಲೇ ನಳದ ಕಟ್ಟೆಯ ಮೇಲೆ ನಿಂತು ಬಾಯಿಗೆ ಹಾಕಿಕೊಂಡು ಚೀಪತೊಡಗಿದಳು. ಗಂಗುಬಾಯಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಎಷ್ಟನೇ ತಿಂಗಳವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಳದ ಹತ್ತಿರ ಇದ್ದ ಉಳಿದ ಹೆಂಗಸರೆಲ್ಲ ಕೊಡ ಎತ್ತಿಕೊಂಡು ಮನೆಯ ದಾರಿ ಹಿಡಿದರು.

ಬೇರೆ ಮನೆಯಲ್ಲಾದರೆ ಇದು ಪೇಢೆ ಹಂಚುವ ಸುದ್ದಿ. ಸಾತಲಿಂಗಪ್ಪನ ಮನೆಯಲ್ಲಿ ಹಾಗಲ್ಲ. ಯಾಕೆಂದರೆ ಸೊಲ್ಲಾಪುರದ ಆ ಓಣಿಗೆಲ್ಲ ಗೊತ್ತಿದ್ದ ಪ್ರಕಾರ, ಹೋದ ವರ್ಷ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸಾತಲಿಂಗಪ್ಪನಿಗೆ ನಸಬಂದಿ, ಅಂದರೆ ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಶನ್ ಆಗಿತ್ತು.

ಆಗಿರಲಿಲ್ಲ. ಆದರೆ ಅದು ತಮ್ಮಿಬ್ಬರಿಗೇ ಗೊತ್ತಿದೆಯೆಂದು ಗಂಡ ಹೆಂಡತಿ ತಿಳಿದಿದ್ದ ಸಂಗತಿ. ಆಗ ಮೂರು ಮಕ್ಕಳ ತಂದೆಯಾದವನು ಆಪರೇಶನ್ನಿನ ಸರ್ಟಿಫಿಕೇಟು ತಂದು ತೋರಿಸದೆ ರೇಶನ್ ಅಂಗಡಿಯ ಲೈಸೆನ್ಸು ಮುಂದುವರಿಯುತ್ತಿರಲಿಲ್ಲ. ಸಾತಲಿಂಗಪ್ಪನಿಗೆ ಮಕ್ಕಳು ಮೂವರು, ಅಂಗಡಿ ಒಂದು, ಮತ್ತು ಸೂಜಿ ಎಂದರೆ ಸಾಯುವಷ್ಟು ಹೆದರಿಕೆ. ಅಕ್ಕಲಕೋಟದ ಕಡೆ ನಡೆದ ಶಿಬಿರವೊಂದಕ್ಕೆ ಹೋಗಿ, ಬೀರಣ್ಣನೆಂಬ ಕಂಪೌಂಡರನ ಕೈಗೆ ಎರಡು ಹೊಸ ಚಾದರ ಇಟ್ಟ. ಬೀರಣ್ಣ ಶಿಬಿರದ ದಾಖಲೆಯ ವಹಿಯಲ್ಲಿ ಹದಿನೇಳನೆಯ ಹೆಸರಾಗಿ ಅವನನ್ನು ಬರೆದುಕೊಂಡು, ಠಸೆ ಒತ್ತಿದ ಕಾಗದ ಕೊಟ್ಟು ಕಳಿಸಿದ. ಸಾತಲಿಂಗಪ್ಪ ಮನೆಗೆ ಬಂದು, ನೋಡಿದವರು ನಂಬಲಿ ಎಂದು ನಾಲ್ಕು ದಿನ ಹೊರಸಿನ ಮೇಲೆ ಮಲಗಿ ಮನಸಾರೆ ನರಳಿದ್ದ.

ಆ ನರಳಿಕೆಯ ಫಲ ಈಗ ಎದುರಿಗೆ ನಿಂತು ಅಳುತ್ತಿತ್ತು.

"ಓಣ್ಯಾಗ ನಾ ಹ್ಯಾಂಗ ಮಾರಿ ತೋರಸ್ಲಿ?" ಎಂದಳು ಸುಮಿತ್ರಾಬಾಯಿ. "ಗಂಡಗ ಆಪರೇಶನ್ ಆಗೇದ, ಹೇಣ್ತಿ ಬಸರಾಗ್ಯಾಳ. ಮಂದಿ ಏನ ತಿಳಕೋಬೇಕು? ಈಗಿಂದೀಗ ಹೊರಗ ನಿಂತು ಖರೇ ಹೇಳ್ರಿ."

"ಖರೇ ಹೇಳಿದ್ರ ಖೊಟ್ಟಿ ಸರ್ಟಿಫಿಕೇಟ ಕೊಟ್ಟಾನಂತ ಲೈಸನ್ಸ ಹೋಗ್ತದ. ಜೇಲೂ ಆಗಬೌದು, ಹುಚ್ಚಿ."

"ಹಂಗಾರ ನಿಮ್ಮ ಲೈಸನ್ಸ ತಗೊಂಡು ನೀವ ಸಂಸಾರ ಮಾಡ್ರಿ. ಸಂಜಿ ಮಟಾ ನೋಡ್ತೀನಿ. ನನ್ನ ಹೆಸರು ಸ್ವಚ್ಛ ಆಗಲಿಲ್ಲಂದ್ರ ಮಕ್ಕಳನ್ನ ಕರಕೊಂಡು ಹನ್ನೂರಿಗೆ, ನಮ್ಮಣ್ಣನ ಮನಿಗೆ ಹೋಗ್ತೀನಿ."

ಮಾತಿಗೆ ಅಂದದ್ದಲ್ಲ. ಟ್ರಂಕು ತೆಗೆದು ಮಕ್ಕಳ ಅಂಗಿಗಳನ್ನು ಮಡಿಚಿ ಇಡಲಾರಂಭಿಸಿದ್ದಳು. ಹದಿನೈದು ವರ್ಷದಲ್ಲಿ ಅವಳು ಒಂದು ದಿನವೂ ಅವನ ಸುಳ್ಳನ್ನು ಹೊರಗೆ ಬಿಟ್ಟಿರಲಿಲ್ಲ, ಮತ್ತು ಅವನು ಹೇಳಿದ ಸುಳ್ಳುಗಳೇನೂ ಕಡಿಮೆಯಲ್ಲ.

ಹೆದರಿದ ತಲೆಗೆ ಒಮ್ಮೊಮ್ಮೆ ಭಾರಿ ಯುಕ್ತಿ ಹೊಳೆಯುತ್ತದೆ. ಸರಕಾರದವರು ಮಾಡಿದ ಆಪರೇಶನ್ ಫೇಲಾದರೆ ಅದು ಯಾರ ತಪ್ಪು? ಸರಕಾರದ್ದು. ವಹಿಯಲ್ಲಿ ತನ್ನ ಹೆಸರಿನ ಮುಂದೆ "ಫೇಲ್" ಎಂದು ಡಾಕ್ಟರರಿಂದ ಬರೆಸಿ, ಅದರ ನಕಲು ತಂದು ಓಣಿಯಲ್ಲಿ ತೋರಿಸಿದರೆ ಹೆಂಡತಿಯ ಮಾನವೂ ಉಳಿಯಿತು, ಲೈಸೆನ್ಸೂ ಉಳಿಯಿತು. ಸಾತಲಿಂಗಪ್ಪ ಟೋಪಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದ.

ಗುರುವಾರದ ಅಕ್ಕಲಕೋಟದ ಬಸ್ಸು ಎಂದರೆ ಅಲ್ಲಿನ ಗುಡಿಯ ಸ್ವಾಮಿಯ ಭಕ್ತರಿಂದ ತುಂಬಿ ತುಳುಕುತ್ತಿರುತ್ತದೆ. ಹೇಗೋ ಒಂದು ಜಾಗ ಸಿಕ್ಕು ಉಸಿರು ಬಿಡುವಷ್ಟರಲ್ಲಿ ಪಕ್ಕದಲ್ಲಿ ಬಂದು ಕೂತವನು ಯಾರು? ಗಂಗುಬಾಯಿಯ ಗಂಡ, ಸೀಮೆಎಣ್ಣೆ ಡಿಪೋದ ಶಂಕರೆಪ್ಪ.

"ದರ್ಶನಕ್ಕೇನ್ರಿ, ಸಾತಲಿಂಗಪ್ಪಣ್ಣಾ?"

"ಹ್ಞೂಂ, ದರ್ಶನಕ್ಕ."

ಶಂಕರೆಪ್ಪ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಛಲೋ ಆತು ಸಿಕ್ಕಿದ್ರಿ. ನಿಮ್ಮ ಜೋಡಿ ಒಂದು ಖಾಸಗಿ ಮಾತು ಆಡೋದದ. ಮುಂಜಾನೆ ನಮ್ಮಾಕಿ ನಳದ ಹತ್ರ..."

"ಆಮ್ಯಾಲ, ಆಮ್ಯಾಲ!" ಎಂದು ಸಾತಲಿಂಗಪ್ಪ ಎದ್ದೇಬಿಟ್ಟ. ಕಷ್ಟಪಟ್ಟು ಹಿಡಿದ ಜಾಗವನ್ನು ಒಬ್ಬ ಮುದುಕಿಗೆ ಕೊಟ್ಟು, ಇಪ್ಪತ್ತು ಮೈಲಿಗೂ ಮೇಲೆ ಬಾಗಿಲ ಹತ್ತಿರ ಜೋತುಬಿದ್ದು ಹೋದ. ಅಕ್ಕಲಕೋಟದಲ್ಲಿ ಇಳಿದು, ಶಂಕರೆಪ್ಪ ನೋಡಲೆಂದು ಗುಡಿಗೆ ಹೋದ, ಶಂಕರೆಪ್ಪ ಕೈಮುಗಿದು ಕಣ್ಣು ಮುಚ್ಚಿದ ಗಳಿಗೆಯಲ್ಲಿ ಗದ್ದಲದೊಳಗಿಂದ ನುಸುಳಿ ಹೊರಗೆ ಬಂದ. ದೇವರಿಗೆ ಏನು ಬೇಡಿಕೊಂಡನೆಂಬುದು ಅವನಿಗೇ ನೆನಪಿರಲಿಲ್ಲ.

ಶಿಬಿರದ ದಫ್ತರವೆಲ್ಲ ಒಂದು ಸರಕಾರಿ ದವಾಖಾನೆಯ ಹಿಂದಿನ ಖೋಲಿಯಲ್ಲಿತ್ತು. ಅಲ್ಲಿ ಒಬ್ಬ ಕಾರಕೂನ ಹುರಿದ ಶೇಂಗಾ ಬಿಡಿಸುತ್ತ ಕೂತಿದ್ದ.

"ಸಾಹೇಬ್ರ, ನನ್ನ ಹೆಸರಿನ ಒಂದು ದಾಖಲೆದ ನಕಲ ಬೇಕಾಗಿತ್ತು."

"ಯಾತರ ದಾಖಲೆ?"

ಸಾತಲಿಂಗಪ್ಪ ಬಗ್ಗಿ ಪಿಸುಗುಟ್ಟಿದ.

"ಕೇಳಸಲಿಲ್ಲ. ಗಟ್ಟಿಯಾಗಿ ಹೇಳ್ರಿ."

"ನಸಬಂದಿದು!" ಎಂದು ಅವನು ಕೂಗಿದ್ದು ಹೊರಗಿನ ಪಡಸಾಲೆಯವರೆಗೂ ಹೋಯಿತು. ಅಲ್ಲಿ ಕೂಸುಗಳಿಗೆ ಚುಚ್ಚಿಸಲು ಬಂದಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಕಾರಕೂನ ತಲೆಯಾಡಿಸಿದ. "ಆ ವಹಿ ಗೋಪನೀಯ. ಯಾರಿಗೂ ತೋರಸಾಕ ಬರಂಗಿಲ್ಲ."

"ಅದರಾಗ ಇರೋದು ನನ್ನ ಹೆಸರರಿ."

"ಅದಕ್ಕ ಹೇಳಾಕತ್ತೀನಿ. ಶಿಬಿರದಾಗ ಸರಕಾರ ನಿಮಗೇನು ವಚನ ಕೊಟ್ಟಿತ್ತು? ನಿಮ್ಮ ಹೆಸರು ಯಾರಿಗೂ ಹೇಳಂಗಿಲ್ಲ ಅಂತ. ಈಗ ನಿಮಗ ಹೇಳಿಬಿಟ್ರ, ನಿಮಗ ಕೊಟ್ಟ ವಚನ ನಾವ ಮುರಿದಂಗ ಆಗಲಿಲ್ಲೇನು?"

ಸಾತಲಿಂಗಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಯೋಚಿಸಿದಷ್ಟೂ ಕಾರಕೂನನ ಮಾತು ಸರಿಯೆನಿಸಿ ಇನ್ನಷ್ಟು ಹೆದರಿಕೆಯಾಯಿತು. "ಸರಕಾರಿ ಕಾಗದದ ನಕಲ ಕೇಳೋ ಹಕ್ಕ ಕಾಯದೇದಾಗ ಅದ ಅಂತಾರಲ್ರಿ?"

"ಅದ. ಹೊಲದ ಉತಾರ, ಪಹಣಿ ಕೇಳ್ರಿ, ಎಲ್ಲಿ ಸಿಗತದಂತ ಈಗ ಹೇಳ್ತೀನಿ. ಇದು ಗೋಪನೀಯ. ಮೊದಲ ಇದರ ಗೋಪನೀಯತಾ ತೆಗೀಬೇಕು. 'ನನ್ನ ಹೆಸರು ನನಗ ತಿಳಿಯೋದಕ್ಕ ನನ್ನದೇನೂ ಹರಕತ್ತು, ತಕರಾರು ಇಲ್ಲ, ಆ ವಹಿ ತೆಗೀಬೇಕು' ಅಂತ ಅರ್ಜಿ ಬರೀರಿ. ಇಬ್ಬರು ಪಂಚರ, ಅಂದ್ರ ಸಾಕ್ಷಿದಾರರ, ಸಹಿ ಬೇಕು. ಅವರು ಅರ್ಜಿ ಪೂರಾ ಕೇಳಿ, ತಿಳಕೊಂಡು ಸಹಿ ಮಾಡಬೇಕು."

ಗುಟ್ಟಿನ ವಹಿ ತೆಗೆಯಲು ಗುಟ್ಟನ್ನು ಇಬ್ಬರಿಗೆ ಹೇಳಬೇಕು! ಪರಿಚಯದವರ ಮುಂದೆ ಸಾಧ್ಯವಿರಲಿಲ್ಲ. ಸಾತಲಿಂಗಪ್ಪ ಅರ್ಜಿ ಬರೆದುಕೊಂಡು, ಗುಡಿಯ ದಾರಿಯಲ್ಲಿ ತೆಂಗಿನಕಾಯಿ ಮಾರುವ ನೀಲಾಬಾಯಿಯೆಂಬವಳ ಮುಂದೆ ಬಂದು ನಿಂತ. ಆರು ಕಾಯಿ ಕೊಂಡ ಮೇಲೆ ಸಹಿಯ ಮಾತೆತ್ತಿದ.

"ಸಹಿ ಮಾಡ್ತೀನ್ಯಪ್ಪಾ," ಎಂದಳು ನೀಲಾಬಾಯಿ. "ಆದ್ರ ಓದಿಸದ ಸಹಿ ಮಾಡಿ ನಮ್ಮಪ್ಪ ಒಂದು ಖೋಲಿ ಕಳಕೊಂಡಾನ. ಗಟ್ಟಿಯಾಗಿ ಓದು. ನನಗ ಎಡಗಿವಿ ಮಂದ."

ಓದಿದ. ಮೊದಲ ಸಾಲಿಗೆ ನಾಲ್ಕು ಜನ ನಿಂತರು, ಮೂರನೆಯ ಸಾಲಿಗೆ ನಲವತ್ತು. ಒಬ್ಬ ಭಕ್ತನಂತೂ ಮರುಗಿ, ತನ್ನ ಪ್ರಸಾದದ ಬಾಳೆಹಣ್ಣನ್ನೇ ಸಾತಲಿಂಗಪ್ಪನ ಕೈಗಿಟ್ಟು, ಎರಡನೆಯ ಪಂಚನಾಗಿ ತಾನೇ ಸಹಿ ಹಾಕಿದ. ಅಷ್ಟರಲ್ಲಿ ಗುಂಪಿನ ಹಿಂದಿನಿಂದ, "ಸಾತಲಿಂಗಪ್ಪಣ್ಣಾ! ಏ ಸಾತಲಿಂಗಪ್ಪಣ್ಣಾ! ನಿಲ್ಲರಿ!" ಎಂಬ ಶಂಕರೆಪ್ಪನ ದನಿ ಕೇಳಿತು. ಸಾತಲಿಂಗಪ್ಪ ಆರೂ ಕಾಯಿಗಳನ್ನು ಅಲ್ಲೇ ಬಿಟ್ಟು ಓಟ ಕಿತ್ತ.

ಕಾರಕೂನ ಕೆಂಪು ಅರಿವೆ ಬಿಚ್ಚಿ ವಹಿ ತೆಗೆದ. ಬೇರೆಯವರ ಹೆಸರು ಕಾಣಬಾರದೆಂದು ಮೇಲೊಂದು ರಟ್ಟು, ಕೆಳಗೊಂದು ರಟ್ಟು ಇಟ್ಟು, ಹದಿನೇಳನೆಯ ಸಾಲೊಂದನ್ನೇ ತೋರಿಸಿದ. ಹೆಸರು, ಊರು, ಓಣಿ, ಕೊನೆಗೆ ಬೀರಣ್ಣನ ದುಂಡು ಅಕ್ಷರದಲ್ಲಿ "ಯಶಸ್ವಿ".

"ಅದು ಯಶಸ್ವಿ ಆಗಿಲ್ಲರಿ," ಎಂದ ಸಾತಲಿಂಗಪ್ಪ. "ಫೇಲ್ ಅಂತ ಬರದು ಕೊಡ್ರಿ."

"ಅದು ಡಾಕ್ಟರ ಸಾಹೇಬ್ರು ತಪಾಸಾ ಮಾಡಿ ಬರಿಯೋದು."

ತಪಾಸಣೆಯ ಮಾತು ಕೇಳಿ ಸಾತಲಿಂಗಪ್ಪ ಹೊರಬಾಗಿಲ ಕಡೆ ತಿರುಗಿದ. ಈ ಭಾಗವನ್ನು ಅವನ ಯುಕ್ತಿ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆದರೆ ಕಾರಕೂನ ಆಗಲೇ ಅವನ ತೋಳು ಹಿಡಿದು ಒಳಗೆ ಬಿಟ್ಟಿದ್ದ.

ಡಾಕ್ಟರು ಹೊಸಬ, ಹುಡುಗು ವಯಸ್ಸಿನವನು. ಪರದೆಯ ಹಿಂದೆ ತಪಾಸಣೆ ಮಾಡಿ ಹೊರಗೆ ಬಂದು ನಿಧಾನವಾಗಿ ಕೈ ತೊಳೆದುಕೊಂಡ.

"ಮೊದಲಿನ ಡಾಕ್ಟರ ಕೈ ಭಾಳ ನಾಜೂಕ ಇತ್ತು ನೋಡ್ರಿ," ಎಂದ. "ಕೊಯ್ದ ಗುರುತ ಸೈತ ಉಳಿದಿಲ್ಲ."

ಸಾತಲಿಂಗಪ್ಪ ಟೋಪಿ ಹಾಕಿಕೊಂಡು ಬಾಗಿಲು ಎಷ್ಟು ದೂರವಿದೆಯೆಂದು ನೋಡಿದ.

"ಈಗ ಎರಡ ದಾರಿ ಅವ. ಆಪರೇಶನ್ನ ಆಗಿಲ್ಲ, ಸರ್ಟಿಫಿಕೇಟ ಖೊಟ್ಟಿ ಅಂತ ಬರದು ಮ್ಯಾಲಿನವರಿಗೆ ಕಳಸ್ತೀನಿ. ಇಲ್ಲಾಂದ್ರ ಆಗಿತ್ತು, ಫೇಲ್ ಆತು, ಮತ್ತೊಮ್ಮೆ ಮಾಡಿ ದುರಸ್ತ ಮಾಡೀವಿ ಅಂತ ಬರೀತೀನಿ. ಎಲೆಕ್ಷನ್ ಆದಾಗಿಂದ, ಎಂಟು ತಿಂಗಳಿಂದ ಈ ಖೋಲಿಗೆ ಒಂದ ಕೇಸ ಬಂದಿಲ್ಲ. ನಾ ಜಬರದಸ್ತಿ ಮಾಡಂಗಿಲ್ಲ. ನೀವ ಹೇಳ್ರಿ."

ಸಾತಲಿಂಗಪ್ಪನ ಕಣ್ಣ ಮುಂದೆ ಲೈಸೆನ್ಸು ಬಂತು, ಜೇಲು ಬಂತು. ಆಮೇಲೆ ಸುಮಿತ್ರಾಬಾಯಿ ಟ್ರಂಕಿನ ಮುಂದೆ ಕೂತು ಕಣ್ಣೊರೆಸಿಕೊಂಡದ್ದು ಬಂತು. ಗಡಿಯಾರ ನೋಡಿದ. ಒಂದೂವರೆ.

"ಎರಡನೇದು," ಎಂದ. ಡಾಕ್ಟರು ಸೂಜಿ ಎತ್ತಿದ್ದಷ್ಟೇ ಅವನಿಗೆ ಕಂಡದ್ದು. ಮತ್ತೆ ಎಚ್ಚರವಾದಾಗ ಎಲ್ಲ ಮುಗಿದು, ಕಾರಕೂನ ಅವನಿಗೆ ಪ್ರೀತಿಯಿಂದ ಚಹ ಕುಡಿಸುತ್ತಿದ್ದ.

ಠಸೆ ಒತ್ತಿದ ಕಾಗದ ಕೈಗೆ ಬಂತು. ಮೊದಲ ಸಾಲಿನಲ್ಲೇ "ಹಿಂದಿನ ಶಸ್ತ್ರಕ್ರಿಯೆ ವಿಫಲ" ಎಂದಿತ್ತು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಮಡಿಚಿ ಕಿಸೆಯಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಜಾಗವಿದ್ದರೂ ನಿಂತುಕೊಂಡೇ ಸೊಲ್ಲಾಪುರಕ್ಕೆ ಬಂದ. ರಸ್ತೆಯಲ್ಲಿ ಎಷ್ಟು ತಗ್ಗುಗಳಿವೆಯೆಂದು ಅವತ್ತು ಕೇಳಿದ್ದರೆ ಒಂದೂ ಬಿಡದೆ ಹೇಳುತ್ತಿದ್ದ.

ಓಣಿ ತಿರುಗಿದರೆ ಮನೆಯ ಮುಂದೆ ಜನವೋ ಜನ. ಹೊಸ್ತಿಲ ಮೇಲೆ ಟ್ರಂಕು. ಸಾತಲಿಂಗಪ್ಪ ಕಾಗದ ಹೊರತೆಗೆದು, ಕಾಲು ಅಗಲಿಸಿ ಅಗಲಿಸಿ ಹೆಜ್ಜೆ ಹಾಕುತ್ತ ಮುಂದೆ ಬಂದ. ಗುಂಪಿನ ನಡುವೆ, ಮೊದಲಿನ ಬಸ್ಸಿಗೇ ತಿರುಗಿ ಬಂದಿದ್ದ ಶಂಕರೆಪ್ಪ ಪೇಢೆಯ ಡಬ್ಬಿ ಹಿಡಿದು ನಿಂತಿದ್ದ.

"ಬಂದ್ರಪ್ಪಾ ಬಂದ್ರು!" ಎಂದು ಶಂಕರೆಪ್ಪ ಕೂಗಿದ. "ಮುಂಜಾನಿಂದ ನಿಮ್ಮ ಬೆನ್ನ ಹತ್ತೀನಿ. ಏನ ಓಡ್ತೀರ್ರಿ ಮಾರಾಯ್ರ! ನಮ್ಮಾಕಿಗೂ ಮೂರನೇ ತಿಂಗಳಾ."

ಸಾತಲಿಂಗಪ್ಪನಿಗೆ ಅರ್ಥವಾಗಲಿಲ್ಲ. "ಅಂದ್ರ ನಿಮ್ಮ ಆಪರೇಶನ್ನೂ ಫೇಲ್ ಆತೇನು?"

"ಆಗಿದ್ರ ಫೇಲ್ ಆಗೋದು! ಬೀರಣ್ಣನ ನನಗ ಎಲ್ಲಾ ಹೇಳ್ಯಾನ. ಬೀರಣ್ಣಗ ನೀವೊಬ್ಬರ ಚಾದರ ಕೊಟ್ಟೀರಿ ಅಂತ ತಿಳದೀರೇನು? ನಾ ಒಂದು ಡಬ್ಬಿ ಎಣ್ಣಿ ಕೊಟ್ಟೀನಿ. ಈ ಓಣ್ಯಾಗ ಹನ್ನೆರಡು ಮಂದಿ ಸರ್ಟಿಫಿಕೇಟ ತಂದೀವಿ, ಹನ್ನೆರಡೂ ಬೀರಣ್ಣನವ. ಗೌರ್ಮೆಂಟ ಬದಲಾದಮ್ಯಾಲ ಲೈಸನ್ಸದವರು ಅದನ್ನ ಕೇಳೋದ ಬಿಟ್ಟಾರ. ಎಲ್ಲಾರೂ ಕೂಡಿ ಓಣ್ಯಾಗ ಖರೇ ಹೇಳಿ ಪೇಢೆ ಹಂಚೂಣು ಅಂತ ನಿಮಗ ಹೇಳಾಕ ಬಂದ್ರ, ನೀವು ತೆಂಗಿನಕಾಯಿ ಚೆಲ್ಲಿ ಓಡತೀರಿ!"

"ನಾ ಮುಂಜಾನೆ ಒಳಗ ಓಡಿದ್ದು ಓಕರಿಕಿ ಬಂದವಾ," ಎಂದು ಗಂಗುಬಾಯಿ ಸುಮಿತ್ರಾಬಾಯಿಯ ಕೈ ಹಿಡಿದಳು. "ನಿನ್ನ ಮ್ಯಾಲ ಯಾರರೆ ಸಂಶೇ ಪಡತಾರೇನು?"

ಸುಮಿತ್ರಾಬಾಯಿ ಮುಂಜಾನೆಯಿಂದ ಮೊದಲ ಸಲ ನಕ್ಕಳು. ಟ್ರಂಕನ್ನು ಕಾಲಿನಿಂದಲೇ ಒಳಗೆ ತಳ್ಳಿ, "ನೀವೆಲ್ಲಿಗೆ ಹೋಗಿದ್ರಿ? ಬರ್ರಿ, ಕೂಡ್ರಿ, ಪೇಢೆ ತಿನ್ರಿ," ಎಂದಳು.

"ಕೂಡಾಕ ಬರಂಗಿಲ್ಲ," ಎಂದ ಸಾತಲಿಂಗಪ್ಪ ಸಣ್ಣ ದನಿಯಲ್ಲಿ.

ಶಂಕರೆಪ್ಪ ಅವನ ಕೈಯಿಂದ ಕಾಗದ ತೆಗೆದುಕೊಂಡು ಮೊದಲ ಸಾಲು ಓದಿದ, ಎರಡನೆಯದು ಓದಿದ. ಆಮೇಲೆ ಗೋಡೆ ಹಿಡಿದು ನಗಲಾರಂಭಿಸಿದ. "ಅಯ್ಯ ಶಿವನ! ಇಡೀ ಓಣ್ಯಾಗ ಖರೇ ಆಪರೇಶನ್ ಆದವರು ನೀವೊಬ್ಬರ!" ಓಣಿಗೆ ಓಣಿಯೇ ನಕ್ಕಿತು. ಒಬ್ಬನಂತೂ ನಗು ತಡೆಯಲಾರದೆ ಸಾತಲಿಂಗಪ್ಪನ ಬೆನ್ನಿಗೆ ಗುದ್ದಿದ. ಆ ಗುದ್ದು ಎಲ್ಲೆಲ್ಲಿಗೆ ಮುಟ್ಟಿತೆಂಬುದನ್ನು ಸಾತಲಿಂಗಪ್ಪ ಯಾರಿಗೂ ಹೇಳಲಿಲ್ಲ.

ಕಣ್ಣೊರೆಸಿಕೊಂಡು ಶಂಕರೆಪ್ಪ ಕಾಗದದ ಕೆಳಗಿನ ಸಾಲುಗಳನ್ನೂ ಗಟ್ಟಿಯಾಗಿ ಓದತೊಡಗಿದ. "ಅರ್ಜಿದಾರರ ವಿನಂತಿಯಂತೆ ಸದರಿ ವಹಿಯ ಗೋಪನೀಯತೆ ತೆಗೆಯಲಾಗಿದೆ. ಅದೇ ಪುಟದಲ್ಲಿರುವ, ಅದೇ ಓಣಿಯ ಉಳಿದ ಹನ್ನೊಂದು ಜನರ ಶಸ್ತ್ರಕ್ರಿಯೆಯೂ ವಿಫಲವಾಗಿರುವ ಸಂಭವವಿದೆ. ನಾಳೆ ಮುಂಜಾನೆ ಎಂಟು ಗಂಟೆಗೆ ಡಾಕ್ಟರರು ಜೀಪಿನಲ್ಲಿ ಬಂದು..." ಓದುತ್ತ ಓದುತ್ತ ಅವನ ದನಿ ಇಳಿಯಿತು.

"ಬಂದು ಏನು ಮಾಡತಾರ?" ಎಂದು ಯಾರೋ ಕೇಳಿದರು.

"ತಪಾಸಾ," ಎಂದ ಸಾತಲಿಂಗಪ್ಪ. "ಆಮ್ಯಾಲ ಎರಡ ದಾರಿ ಹೇಳ್ತಾರ."

ಆ ಎರಡು ದಾರಿ ಯಾವುವೆಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಪೇಢೆ ಅಗಿಯುವ ಸಪ್ಪಳವೂ ನಿಂತಿತ್ತು. ಇಂಥ ವಹಿ ತೆಗೆಸುವ ಹುಚ್ಚು ಯಾಕೆ ಹಿಡಿಯಿತೆಂದು ಹನ್ನೊಂದು ಗಂಡಸರೂ ಹನ್ನೊಂದು ಬಗೆಯಲ್ಲಿ ಬೈದರು. ಬೈಯುವುದಕ್ಕೂ ಹೆಚ್ಚು ವೇಳೆ ಇರಲಿಲ್ಲ. ಒಬ್ಬನ ಅತ್ತೆಗೆ ದೂರದ ತಡವಳ ಊರಿನಲ್ಲಿ ಒಮ್ಮೆಲೇ ಜಡ್ಡು ಹೆಚ್ಚಾಯಿತು. ಇನ್ನೊಬ್ಬನಿಗೆ ಹೊಲದ ಗಡಿಕಲ್ಲು ಸರಿಸಿದ್ದಾರೆಂಬ ಸುದ್ದಿ ಎಲ್ಲಿಂದಲೋ ಬಂತು. ಹೊತ್ತು ಮುಳುಗುವುದರೊಳಗೆ ಹನ್ನೊಂದು ಮನೆಗೂ ಕೀಲಿ ಬಿದ್ದು, ಸಂಸಾರಸಮೇತ ಎಲ್ಲರೂ ಸಿಕ್ಕ ಸಿಕ್ಕ ಬಸ್ಸು ಹತ್ತಿದರು. ಕಡೆಗೆ ಹೋದ ಶಂಕರೆಪ್ಪ ಉಳಿದ ಪೇಢೆಯ ಡಬ್ಬಿಯನ್ನು ಸುಮಿತ್ರಾಬಾಯಿಗೆ ಕೊಟ್ಟು, "ನೀವಂತೂ ಇರತೀರಿ. ಡಾಕ್ಟರಗ ಏನರೆ ಹೇಳ್ರಿ," ಎಂದು ಹೋದ.

"ಹನ್ನೊಂದು ಮಂದಿ ಎಲ್ಲಿ ಅಂತ ನನ್ನ ಕೊಳ್ಳಿಗೆ ಬೀಳ್ತಾನ ಆ ಡಾಕ್ಟರ," ಎಂದ ಸಾತಲಿಂಗಪ್ಪ ಬಾಗಿಲ ಚೌಕಟ್ಟು ಹಿಡಿದು. "ಟ್ರಂಕ ಹೆಂಗೂ ತುಂಬೇದ. ನಾವೂ ಹನ್ನೂರಿಗೆ ನಡಿ."

"ಬಸ್ಸಿನ್ಯಾಗ ಮತ್ತ ನಿಂತ ಬರತೀರೇನು?"

ಸಾತಲಿಂಗಪ್ಪ ಒಂದು ಮೆಟ್ಟಿಲು ಇಳಿದು ನೋಡಿದ, ಅಲ್ಲೇ ನಿಂತ.

"ಡಾಕ್ಟರಗ ಅಂಜೂ ಕಾರಣ ಇಲ್ಲದವರು ಓಣ್ಯಾಗ ನೀವೊಬ್ಬರ," ಎಂದು ಸುಮಿತ್ರಾಬಾಯಿ ಅವನ ಬಾಯಿಗೆ ಪೇಢೆ ಇಟ್ಟಳು. "ನಾಳೆ ಅವನ ಕೈಗೆ ಸಿಗೋರೂ ನೀವೊಬ್ಬರ."