ಮೇಡಂ ಓದಿದ್ದು ಸಸ್ಯಶಾಸ್ತ್ರ

ಕಾಲೇಜಿನ ಗೋಡೆಗೆ ಹೊಸ ಫಲಕ ಹಾಕಿಸುವ ಯೋಚನೆ ಪ್ರಾಂಶುಪಾಲರಿಗೆ ಬಂದದ್ದೇ ಎಲ್ಲಕ್ಕೂ ಮೂಲ. ಮಧ್ಯಾಹ್ನ ತಪಾಸಣೆಯವರು ಬರುವವರಿದ್ದರು. ಅಷ್ಟರೊಳಗೆ ಪ್ರತಿಯೊಬ್ಬ ಅಧ್ಯಾಪಕರ ಹೆಸರಿನ ಮುಂದೆ ಅವರು ಓದಿದ್ದೇನೆಂದು ಬರೆಸಬೇಕಿತ್ತು. ಕಂಪ್ಯೂಟರ್ ವಿಭಾಗದವರೆಲ್ಲ ಸಲೀಸಾಗಿ ಚೀಟಿ ಕೊಟ್ಟರು. ಇಪ್ಪತ್ತೆಂಟು ವರ್ಷದಿಂದ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ದೊಡ್ಡ ಮೇಡಂ ಮಾತ್ರ ‘ಎಂ.ಎಸ್ಸಿ., ಸಸ್ಯಶಾಸ್ತ್ರ’ ಎಂದು ಬರೆದರು.

ಗುಮಾಸ್ತ ಆ ಚೀಟಿಯನ್ನು ಹಲ್ಲಿ ಬಿದ್ದ ಹಾಲಿನಂತೆ ನೋಡಿದ. ಐದೇ ನಿಮಿಷಕ್ಕೆ ಸುದ್ದಿ ಸ್ಟಾಫ್ ರೂಮಿಗೆ ಮುಟ್ಟಿ, ಸಲಹೆಗಳ ಸುರಿಮಳೆಯಾಯಿತು. ಗಣಿತದವರು ‘ಸಸ್ಯ’ದ ಹಿಂದೆ ‘ಗಣಕ’ ಸೇರಿಸಿಬಿಡಿ ಎಂದರು. ಕಿರಿಯ ಅಧ್ಯಾಪಕನೊಬ್ಬ ಆ ಸಾಲಿನ ಮೇಲೆ ಬಣ್ಣ ಚೆಲ್ಲಿದರಾಯಿತು ಎಂದ. ಗುಮಾಸ್ತ ಮೇಡಂ ಮನೆಗೂ ಫೋನ್ ಮಾಡಿದ್ದರಿಂದ ಅವರ ಗಂಡನೂ ಕರೆ ಮಾಡಿ, ನಿವೃತ್ತಿಗೆ ನಾಲ್ಕೇ ವರ್ಷ ಉಳಿದಿದೆ, ಹಟ ಬೇಡ ಎಂದು ಗೋಗರೆದರು. ಪ್ರಾಂಶುಪಾಲರಂತೂ ಮೇಡಂಗೆ ಹೊಟ್ಟೆನೋವೆಂದು ರಜೆ ಅರ್ಜಿಯನ್ನೇ ಟೈಪ್ ಮಾಡಿಸಿ ತಂದರು.

“ಹೊಟ್ಟೆ ನೋಯ್ತಿರೋದು ನಿಮಗೆ ಸಾರ್, ನನಗಲ್ಲ,” ಎಂದು ಮೇಡಂ ಅರ್ಜಿ ವಾಪಸು ಕೊಟ್ಟರು. “ಮೊದಲನೇ ಕಂಪ್ಯೂಟರ್ ಬಂದಾಗ ಅದನ್ನ ಮುಟ್ಟೋಕೂ ಎಲ್ರೂ ಹೆದರ್ತಿದ್ರಿ. ಪೆಟ್ಟಿಗೆ ಬಿಚ್ಚಿದ್ದು ನಾನು. ಆಗ ಯಾರೂ ನನ್ನ ಡಿಗ್ರಿ ಕೇಳ್ಲಿಲ್ಲ.”

ಪೇಂಟರ್ ಬಂದಾಗ ತಾವೇ ಏಣಿ ಹಿಡಿದು ನಿಂತು, ತಮ್ಮ ಸಾಲನ್ನು ಉಳಿದವಕ್ಕಿಂತ ದಪ್ಪಗೆ ಬರೆಸಿದರು.

ತಪಾಸಣೆಯ ಹಿರಿಯರು ಫಲಕದ ಮುಂದೆ ನಿಂತು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು. ಪ್ರಾಂಶುಪಾಲರ ಮುಖ ಹಿಂಡಿದ ಬಟ್ಟೆಯಂತಾಯಿತು.

“ಇದು ಯಾರು?”

“ನಾನೇ. ಓದಿದ್ದು ಅಲ್ಲಿದೆ. ಕಲಿಸೋದು ನೋಡಬೇಕಾದ್ರೆ ಲ್ಯಾಬಿಗೆ ಬನ್ನಿ.”

ಅವರು ಹೋಗಿ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತರು. ಹುಡುಗಿಯೊಬ್ಬಳ ಪ್ರೋಗ್ರಾಂ ಕೆಟ್ಟು ನಿಂತಾಗ ಮೇಡಂ ತಪ್ಪು ತೋರಿಸಲಿಲ್ಲ. ಪ್ರಶ್ನೆ ಕೇಳಿ ಕೇಳಿ ಅವಳ ಬಾಯಿಂದಲೇ ಹೊರಡಿಸಿದರು. ಹಿರಿಯರು ಎದ್ದು ಕೈಮುಗಿದು, ತಾವೂ ಓದಿದ್ದು ತತ್ತ್ವಶಾಸ್ತ್ರ, ಕಂಪ್ಯೂಟರ್ ಸಂಶೋಧನೆಗೆ ಬಂದದ್ದು ಆಮೇಲೆ ಎಂದರು.

ಸ್ಟಾಫ್ ರೂಮಿನಲ್ಲಿ ಬೆಳಗಿನ ಸಲಹೆಗಾರರೆಲ್ಲ ಹೀಗೇ ಆಗುತ್ತದೆಂದು ತಮಗೆ ಮೊದಲೇ ಗೊತ್ತಿತ್ತು ಎನ್ನತೊಡಗಿದರು. ಮೇಡಂ ಗೆದ್ದ ಕುಸ್ತಿಪಟುವಿನಂತೆ ಚೀಲ ಹೆಗಲಿಗೇರಿಸಿ ಹೊರಡುವಷ್ಟರಲ್ಲಿ ಪ್ರಾಂಶುಪಾಲರು ವರದಿ ಹಿಡಿದು ಬಂದರು.

“ನಿಮ್ಮನ್ನ ತುಂಬಾ ಹೊಗಳಿದಾರೆ ಮೇಡಂ. ಆದ್ರೆ ಫಲಕದಲ್ಲಿ ಇನ್ನೊಂದು ವಿಷಯ ಅವರ ಕಣ್ಣಿಗೆ ಬಿತ್ತಂತೆ. ನಮ್ಮ ಸಸ್ಯಶಾಸ್ತ್ರ ವಿಭಾಗದಲ್ಲಿ ಅದನ್ನ ಓದಿದವರು ಒಬ್ಬರೂ ಇಲ್ಲ. ಇಷ್ಟು ಚೆನ್ನಾಗಿ ಕಲಿಸೋರು ಅಲ್ಲಿಗೇ ಬೇಕು ಅಂತ ಬರೆದಿದಾರೆ. ನಾಳೆಯಿಂದ ನೀವು ಅಲ್ಲಿಗೆ.”

ಮೇಡಂ ಚೀಲ ಕೆಳಗಿಟ್ಟು, ಹಾಗಾದರೆ ತಮ್ಮ ಲ್ಯಾಬ್ ಯಾರ ಪಾಲಿಗೆ ಎಂದು ಕೇಳಿದರು.

“ಇಷ್ಟು ದಿನ ಸಸ್ಯಶಾಸ್ತ್ರ ಕಲಿಸ್ತಿದ್ರಲ್ಲ, ಆ ಮೇಷ್ಟ್ರು. ಅವರು ಓದಿದ್ದು ಕಂಪ್ಯೂಟರ್.”