ಬಸ್ ಸ್ಟ್ಯಾಂಡಿನಲ್ಲಿ ಯೆಶಾಯ

ನಮ್ಮ ಸೋದರತ್ತೆಯ ಪಕ್ಕ ನಿಂತು ಬಸ್ಸಿಗೆ ಕಾಯುವುದಕ್ಕಿಂತ ಮೊರಬದಿಂದ ಅಣ್ಣಿಗೇರಿಗೆ ನಡೆದು ಹೋಗುವುದೇ ಮೇಲು ಎಂದು ನಂಬಿದವರು ಊರಲ್ಲಿ ಕಡಿಮೆಯಿಲ್ಲ. ನಾನೂ ಅವರಲ್ಲೊಬ್ಬ. ಬಸ್ಸು ತಡವಾದರೆ ಉಳಿದವರಿಗೆ ಸಿಟ್ಟು ಬರುತ್ತದೆ, ಅತ್ತೆಗೆ ಹುರುಪು ಬರುತ್ತದೆ! ಓಡಿಹೋಗಲಾರದ ಇಷ್ಟು ಜನ ಅವಳಿಗೆ ಇನ್ನೆಲ್ಲಿ ಸಿಕ್ಕಾರು?

ಊರಲ್ಲಿ ನಮ್ಮಂಥ ಕ್ರೈಸ್ತರ ಮನೆಗಳು ಬೆರಳೆಣಿಕೆಯವು. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ನಿವೃತ್ತಳಾದ ಅತ್ತೆಗೆ ಯೇಸುವಿನ ಹುಟ್ಟಿನ ಕಥೆಗಿಂತ, ಅದಕ್ಕೂ ನೂರಾರು ವರ್ಷ ಮೊದಲು ಇಬ್ರಿಯ ಪ್ರವಾದಿಗಳು ಆಡಿದ ಮಾತಿನ ಮೇಲೆಯೇ ಹೆಚ್ಚು ಪ್ರೀತಿ. ಶತ್ರುಗಳು ಬಾಗಿಲಿಗೆ ಬಂದು ಅರಸರೇ ನಡುಗುತ್ತಿದ್ದಾಗ, ಯೆಶಾಯನೆಂಬ ಪ್ರವಾದಿ, ನಮಗೊಂದು ಕೂಸು ಹುಟ್ಟುತ್ತದೆ, ಕತ್ತಲಲ್ಲಿದ್ದವರು ಬೆಳಕು ಕಾಣುತ್ತಾರೆ ಎಂದನಂತೆ. ಮೀಕನೆಂಬ ಇನ್ನೊಬ್ಬ, ಆಳುವವನು ಬರುವುದು ಬೇತ್ಲೆಹೇಮೆಂಬ ಸಣ್ಣ ಊರಿನಿಂದ ಎಂದನಂತೆ. ಇಷ್ಟು ಹೇಳಿ ಅತ್ತೆ, ನಿಂತವರಲ್ಲಿ ಹುಬ್ಬಳ್ಳಿಯಂಥ ದೊಡ್ಡ ಊರಿನವರು ಯಾರಾದರೂ ಇದ್ದರೆ ಅವರತ್ತ ಒಮ್ಮೆ ನೋಡುತ್ತಾಳೆ.

ಒಮ್ಮೆ ಬೀಜದ ಚೀಲ ಹೊತ್ತು ನಿಂತಿದ್ದ ಹಿರಿಯರೊಬ್ಬರು, ಬಸ್ಸು ಯಾವಾಗ ಬರುತ್ತದೆಂದು ನಡುವೆ ಕೇಳಿದರು.

"ನೂರಾರು ವರ್ಷ ಕಾದ ಮಂದಿ ಕತಿ ಹೇಳಾಕತ್ತೀನಿ. ನಿಮಗ ಅರ್ಧಾ ತಾಸಿಗೆ ಅವಸರೇನ್ರಿ?" ಅಂದಳು ಅತ್ತೆ.

ಅವರು ಸಿಕ್ಕ ಟ್ರ್ಯಾಕ್ಟರ್ ಹತ್ತಿ ಹೋದರು.

ಪಕ್ಕದ ಮನೆಯ ನೀಲಮ್ಮ ಮಾತ್ರ ಓಡುತ್ತಿರಲಿಲ್ಲ. ದಿನಾ ಲಿಂಗಪೂಜೆ ಮುಗಿಸಿ ನಮ್ಮ ಕಟ್ಟೆಗೆ ಬಂದು, ಕಾಳು ಹಸನು ಮಾಡುತ್ತ ಕೇಳುವಳು. ಯೆಶಾಯನ ಆ ಕೂಸಿನ ಮಾತು ಆ ಕಾಲದ ಯಾವುದೋ ಅರಸನ ಮಗನ ಬಗ್ಗೆ ಇದ್ದೀತಲ್ಲ, ನಿಮ್ಮವನ ಬಗ್ಗೆಯೇ ಅಂತ ಹೇಗೆ ಅನ್ನುತ್ತೀರಿ ಎಂದು ಒಂದು ದಿನ ಕೇಳಿಯೇಬಿಟ್ಟಳು. ಇನ್ನು ಜಗಳವೇ ಎಂದು ನಾನು ಚಹಾದ ಲೋಟ ಹಿಡಿದು ಒಳಗೆ ಸರಿದೆ. ಅತ್ತೆಗೆ ಸಿಟ್ಟೇ ಬರಲಿಲ್ಲ.

"ಇದ್ದೀತು ಬೇ. ಆದ್ರ ಅರಸರು ಬಂದ್ರು, ಹೋದ್ರು, ಕತ್ತಲಿ ಹೋಗ್ಲಿಲ್ಲ. ಮಂದಿ ಆ ಮಾತು ಬಿಡಲಿಲ್ಲ, ಕಾದ್ರು. ಯೇಸು ಬಂದ ಮ್ಯಾಲೆ ನಮ್ಮವರು ಹಳೀ ಮಾತು ತಿರುಗಿ ಓದಿದ್ರು, ಅದರಾಗ ಅವನ ಮಾರಿ ಕಾಣ್ತು. ಯೆಹೂದ್ಯರು ಇನ್ನೂ ಕಾಯಾಕತ್ತಾರ. ಕಾಯೂದು ಸಣ್ಣ ಕೆಲಸಲ್ಲ."

ಕಳೆದ ಕ್ರಿಸ್ಮಸ್ಸಿಗೆ ಹೊಸ ಪಾದ್ರಿಗಳು, ಮಕ್ಕಳು ಆಕಳಿಸುತ್ತಾರೆ, ಆರಾಧನೆಯಲ್ಲಿ ಪ್ರವಾದಿಗಳ ಪಾಠ ಬಿಟ್ಟು ನೇರ ಯೇಸು ಹುಟ್ಟಿದ ಗೋದಲಿಗೆ ಹೋಗೋಣ ಎಂದರು. ಅತ್ತೆ ಅವರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಕಾಯುವುದರಲ್ಲಿ ಅವಳನ್ನು ಸೋಲಿಸುವವರುಂಟೆ! ಸಂಜೆಯೊಳಗೆ ಪಾದ್ರಿಗಳು ಒಪ್ಪಿದರು. ಅತ್ತೆಗೆ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ಬಾಯಿಪಾಠವೇ ಹೇಳುತ್ತೇನೆಂದು ಹಟ ಹಿಡಿದಳು.

ಹಬ್ಬದ ಬೆಳಿಗ್ಗೆ ಇಳಕಲ್ ಸೀರೆಯುಟ್ಟು ಚರ್ಚಿನಲ್ಲಿ ಎದ್ದು ನಿಂತಳು. ಕತ್ತಲು, ಬೆಳಕು, ಕೂಸಿನವರೆಗೆ ಸರಾಗವಾಗಿ ಬಂದಳು. ಆಮೇಲೆ ದನಿ ನಿಂತಿತು. ತುಟಿ ಅಲುಗುತ್ತಿದೆ, ಮಾತಿಲ್ಲ. ಕೇಕು ತಿನ್ನಲೆಂದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ ನೀಲಮ್ಮ ಮೆಲ್ಲಗೆ ಎದ್ದಳು.

"ಆಳಿಕಿ ಅವನ ಹೆಗಲ ಮ್ಯಾಲೆ ಇರ್ತದರಿ, ಅಕ್ಕೋರ."

ಅತ್ತೆ ತಲೆಯಾಡಿಸಿ, ಅಲ್ಲಿಂದ ಹಿಡಿದು ಪೂರ್ತಿ ಮುಗಿಸಿಯೇ ಕೂತಳು. ಯಾರೂ ಆಕಳಿಸಲಿಲ್ಲ.

ಮನೆಗೆ ಬರುವಾಗ ನನ್ನ ಕೈ ಹಿಡಿದುಕೊಂಡಳು. ಒಂದು ಸಾಲು ಮರೆತರೇನಾಯಿತು ಎಂದು ಸಮಾಧಾನ ಹೇಳಿದೆ. ಒಂದು ಸಾಲಲ್ಲ ಎಂದಳು. ಮರೆವಿನ ರೋಗ ಶುರುವಾಗಿದೆ ಎಂದು ಡಾಕ್ಟರು ದೀಪಾವಳಿಗೆ ಮೊದಲೇ ಹೇಳಿದ್ದರಂತೆ. ಮುಂದೆ ನಮ್ಮೆಲ್ಲರ ಹೆಸರುಗಳೂ ಹೋಗುತ್ತವಂತೆ. ನಾನು ದಾರಿಯಲ್ಲೇ ನಿಂತೆ. ಅವಳೇ ಎಳೆದುಕೊಂಡು ನಡೆದಳು.

"ಯೆಶಾಯನ ಇನ್ನೊಂದು ಮಾತದ, ನಾ ಯಾರಿಗೂ ಹೇಳಿಲ್ಲ. ಹಡದ ತಾಯಿ ಬೇಕಾರ ಕೂಸಿನ್ನ ಮರತಾಳು, ದೇವರು ಮರಿಯೂದಿಲ್ಲಂತ. ನಮ್ಮನ್ನ ಅಂಗೈಮ್ಯಾಲೆ ಕೆತ್ತಿಕೊಂಡಾನಂತ. ನಾ ನಿನ್ನ ಹೆಸರು ಮರತ ದಿನ ನೀ ಇದನ್ನ ನನಗ ಹೇಳಬೇಕು. ಈಗ ಒಮ್ಮಿ ಹೇಳು, ಕೇಳೂಣು."

ಹೇಳಿದೆ. ತಪ್ಪಿದಲ್ಲೆಲ್ಲ ತಿದ್ದಿದಳು. ಮನೆ ಬರುವವರೆಗೂ ಬಿಡದೆ ಹೇಳಿಸಿದಳು.