ನಮ್ಮ ಮಾಳಿಗೆಯ ಕೈ ಚಾಚಿದ ಗೊಂಬೆ

ಮಾಳಿಗೆಯ ಮೇಲೆ ಆ ಗೊಂಬೆ ಬಂದು ನಿಂತಾಗಿನಿಂದ ನನಗೆ ದಿನಾ ಒಂದಿಲ್ಲೊಂದು ತಲೆನೋವು. ರಾಯಚೂರಿನಲ್ಲಿ ನನ್ನದು ಬಾಂಡೆ ಸಾಮಾನಿನ, ಅಂದರೆ ಪಾತ್ರೆಪಗಡಿಯ ಅಂಗಡಿ. ಊರು ಚೆಂದ ಮಾಡುವ ಕಮಿಟಿಯವರು ಬಂದು, “ಮ್ಯಾಲೆ ಒಂದು ಶಿಲ್ಪ ನಿಲ್ಲಿಸ್ತೀವ್ರಿ, ಬಸ್‌ಸ್ಟ್ಯಾಂಡಿಗೆ ಕಾಣ್ತದ, ಗಿರಾಕಿ ಹುಡುಕ್ಕೊಂಡು ಬರ್ತಾರ” ಎಂದರು. ಗಿರಾಕಿ ಎಂಬ ಮಾತಿಗೆ ಒಪ್ಪಿದೆ. ಹಳದಿ ಮುಖ, ಗುಲಾಬಿ ಸೀರೆ, ಹಸಿರು ಕೂದಲು, ತಾಟಿನಂಥ ಕಣ್ಣು. ಒಂದು ಕೈ ಸೊಂಟದ ಮೇಲೆ. ಇನ್ನೊಂದು ಕೈ ಚಾಚಿದ್ದು ರಸ್ತೆಯಾಚೆ, ನೇರ ಎದುರಿನವನ ಅಂಗಡಿಯತ್ತ. ಅವನದೂ ಬಾಂಡೆ ವ್ಯಾಪಾರವೇ.

೧

ಗಬ್ಬೂರಿನ ಹಿರಿಯರೊಬ್ಬರು ಕೊಡ ಕೊಳ್ಳಲು ಬಂದು ಮೇಲೆ ನೋಡಿದರು.

“ಸಾವ್ಕಾರ್ರ, ನಾವು ಮನಿಗೆ ಗೇಣುದ್ದದ ದೃಷ್ಟಿಗೊಂಬಿ ಕಟ್ತೀವಿ. ನೀವು ಇಷ್ಟೆತ್ತರದ್ದು ನಿಲ್ಲಿಸೀರಂದ್ರ, ಲಾಭ ಎಷ್ಟಿರಬೇಕು!”

“ಯಪ್ಪಾ, ಅದು ದೃಷ್ಟಿಗೊಂಬಿ ಅಲ್ಲ, ಕಲಾ.”

“ಕಲಾ ಇರಲಿ, ಕೊಡದ ರೇಟು ಇಳಸ್ರಿ.”

೨

“ನಿನ್ನ ಗೊಂಬಿ ನನ್ನ ಗಲ್ಲಾನ ನೋಡಾಕತ್ತದ” ಎಂದು ಎದುರಿನವನ ತಕರಾರು. ಮೊದಲು ಬೂದುಗುಂಬಳ ಕಟ್ಟಿದ. ಆಮೇಲೆ ದೃಷ್ಟಿ ತಿರುಗಿಸಲಿಕ್ಕೆ ಆಳೆತ್ತರದ ಕನ್ನಡಿ ತೂಗುಹಾಕಿದ. ಮಧ್ಯಾಹ್ನದ ಬಿಸಿಲು ಅದಕ್ಕೆ ಬಡಿದು ನೇರ ನನ್ನ ಸ್ಟೀಲ್ ಸಾಮಾನಿನ ಮೇಲೆ. ಶಕ್ತಿನಗರದಿಂದ ಬಂದಿದ್ದ ಹೆಣ್ಣುಮಗಳು ಕಣ್ಣಿಗೆ ಸೆರಗು ಅಡ್ಡ ಹಿಡಿದು ಹೇಳಿದಳು: “ಅಣ್ಣಾರ, ನಿಮ್ಮ ಸಾಮಾನು ಭಾರಿ ಹೊಳೀತಾವ. ಆದ್ರ ಒಂದೂ ಕಾಣವಲ್ದು.”

೩

ಶಿಲ್ಪಿಯನ್ನು ಕರೆಸಿ ಗೊಂಬೆ ತಿರುಗಿಸಲು ಹೇಳಿದೆ.

“ಆಕಿ ಭವಿಷ್ಯದ ಕಡಿ ಕೈ ಮಾಡ್ಯಾಳ್ರಿ!”

“ಇತ್ತ ನನ್ನ ಭವಿಷ್ಯ ಹಾಳಾಗಾಕತ್ತದ. ತಿರುಗಸ್ರಿ.”

ಅವನು ಪಾನಾ ಹಿಡಿದು ಬೋಲ್ಟಿಗೆ ಕೈ ಹಚ್ಚಿದ್ದೇ ತಡ, ಎದುರಿನವನು ಓಡಿಬಂದ. “ಬ್ಯಾಡ ದೋಸ್ತ, ಕಲಾವಿದನ ಮನಸ್ಸು ನೋಯಿಸಬ್ಯಾಡ!” ಕನ್ನಡಿ ತಾನೇ ಇಳಿಸಿದ. ಶಿಲ್ಪಿಗೆ ಮಿರ್ಚಿಭಜಿ ತಿನ್ನಿಸಿ ಕಳಿಸಿದ. ಈ ಕಂಜೂಸನಿಗೂ ಕಲೆ ಅರ್ಥವಾಯಿತಲ್ಲ ಎಂದು ನಾನು ಬೆರಗಾದೆ.

೪

ಮಾನ್ವಿಯ ನಮ್ಮ ಹೊಸ ಬೀಗರ ಮನೆಯಲ್ಲಿ ಮದುವೆ. ಬಾಂಡೆಯೆಲ್ಲ ನಿಮ್ಮಲ್ಲೇ ಎಂದಿದ್ದರು. ಅಂಗಡಿ ಅವರು ನೋಡಿರಲಿಲ್ಲ. “ಮಾಳಿಗಿ ಮ್ಯಾಲೆ ಬಣ್ಣದ ಗೊಂಬಿ ಅದ, ಅಲ್ಲಿ ಬರ್ರಿ” ಎಂದು ನಾನೇ ಫೋನಿನಲ್ಲಿ ಹೇಳಿದ್ದೆ. ಬೆಳಗಿನಿಂದ ಹಂಡೆ, ಕೊಪ್ಪರಿಗೆ ತಿಕ್ಕಿಸಿಟ್ಟು ಕಾದೆ. ಮಧ್ಯಾಹ್ನ ನೋಡಿದರೆ, ಎದುರಿನ ಅಂಗಡಿ ಮುಂದೆ ಟೆಂಪೊ ತುಂಬಿ ನಿಂತಿದೆ. ಬೀಗರು ಎಲೆಅಡಿಕೆ ಜಗಿಯುತ್ತ ಹಗ್ಗ ಕಟ್ಟಿಸುತ್ತಿದ್ದಾರೆ! ಚಪ್ಪಲಿ ಮರೆತು ಓಡಿದೆ.

“ಬೀಗರ, ನನ್ನ ಅಂಗಡಿ ಇದಲ್ರಿ!”

“ಹೌದಾ? ನಿಮ್ಮ ಗೊಂಬೀನ ಕೈ ಮಾಡಿ ಇತ್ತ ತೋರಸ್ತು. ನಮ್ಮ ಬೀಗರ ಅಂಗಡೀನಾ ಅಂತ ಕೇಳಿದ್ವಿ. ‘ಅವರು ಬ್ಯಾರೆ ಅಲ್ಲ, ನಾವು ಬ್ಯಾರೆ ಅಲ್ಲ, ಬರ್ರಿ’ ಅಂದ್ರು. ಚಹಾನೂ ಕುಡಿಸಿದ್ರು.”

ಎದುರಿನವನು ಹಗ್ಗಕ್ಕೆ ಕೊನೆಯ ಗಂಟು ಹಾಕಿ, ನನ್ನ ಹೆಗಲ ಮೇಲೆ ಕೈಯಿಟ್ಟ.

“ದೋಸ್ತ, ಈ ವರ್ಷ ಗೊಂಬಿಗೆ ಬಣ್ಣ ನಾನ ಹೊಡಸ್ತೀನಿ.”